ಬೇಡದ ಕಡೆ ಬೆಳೆದ ಮೂಳೆ

ಮಾರ್ಚ್ ೨

ಅಕ್ಕನಿಗೆ,

ಕೊನೆಗೂ ದಿನ ಗೊತ್ತಾಯಿತು. ಇದೇ ತಿಂಗಳ ಹದಿನಾರಕ್ಕೆ ನನ್ನ ಬಲಗಡೆಯ ಸೊಂಟದ ಕೀಲು ತೆಗೆದು ಹೊಸದು ಕೂರಿಸುತ್ತಾರೆ. ‘ನನ್ನನ್ನು ನೋಡಿ ಕಲಿ’ ಎಂದು ಮೂರು ವರ್ಷದಿಂದ ನನ್ನ ತಲೆ ತಿಂದದ್ದು ಸಾರ್ಥಕವಾಯಿತು, ಸಂತೋಷಪಡು. ಫೋನ್ ಮಾತ್ರ ಮಾಡಬೇಡ. ಫೋನಿನಲ್ಲಿ ನಮ್ಮಿಬ್ಬರ ಮಾತು ಮೂರನೇ ನಿಮಿಷಕ್ಕೆ ಜಗಳವಾಗುತ್ತದೆ. ಕಾಗದದಲ್ಲಾದರೆ ಜಗಳ ಬಂದು ಮುಟ್ಟುವುದಕ್ಕೇ ಐದು ದಿನ ಬೇಕು.

ನಮ್ಮ ಡಾಕ್ಟರು ಬೇರೆ ಯಾರೂ ಅಲ್ಲ, ಸಂಗೀತ ಶಾಲೆಯ ಮುಖ್ಯಸ್ಥೆಯ ಗಂಡ. ಆ ಶಾಲೆಯ ಹನ್ನೊಂದು ಪಿಯಾನೊಗಳ ಶ್ರುತಿ ಸರಿ ಮಾಡಿಯೇ ನನ್ನ ಮನೆ ನಡೆಯುವುದು ಎಂದು ಅವರಿಗೂ ಗೊತ್ತು. ನೆನ್ನೆ ಒಂದು ಹಾಳೆ ಇಟ್ಟುಕೊಂಡು ಪ್ರಶ್ನೆ ಕೇಳಿದರು. ಈ ಸೊಂಟಕ್ಕೆ ಮೊದಲೇನಾದರೂ ಆಪರೇಷನ್ ಆಗಿತ್ತೇ? ಆಗಿತ್ತು, ಇಪ್ಪತ್ತು ವರ್ಷದ ಹಿಂದೆ ಲಾರಿಯಿಂದ ಪಿಯಾನೊ ಇಳಿಸುವಾಗ ಅದು ಜಾರಿ ನನ್ನ ಮೇಲೆ ಕೂತಾಗ. ಬೆಳಿಗ್ಗೆ ಬೆನ್ನು ಬಿಗಿದಿರುತ್ತದೆಯೇ? ಹಲಗೆಯ ಹಾಗೆ. ಬೆನ್ನೆಲುಬಿನ ಎಕ್ಸ್-ರೇ ನೋಡಿ ಅವರೇ ‘ಹೂಂ’ ಎಂದರು, ಅಲ್ಲಿ ಮಣಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿವೆಯಂತೆ. ಸವೆದ ಕೀಲಿನ ಸುತ್ತ ಗಂಟುಗಂಟಾಗಿ ಮೂಳೆ ಎದ್ದಿದೆ, ಅದಕ್ಕೂ ಒಂದು ಗುರುತು ಹಾಕಿದರು. ಗಂಡಸು ಎಂಬುದಕ್ಕೂ ಒಂದು ಗುರುತು. ನಾಲ್ಕಾಯಿತು.

“ಇದೆಲ್ಲ ಯಾಕೆ ಸಾರ್?” ಎಂದೆ.

“ಆಪರೇಷನ್ ಆದ್ಮೇಲೆ ಕೆಲವರಿಗೆ ಕೀಲಿನ ಸುತ್ತ ಮಾಂಸದಲ್ಲಿ ಹೊಸ ಮೂಳೆ ಬೆಳೆಯುತ್ತೆ. ಬೇಡದ ಕಡೆ. ಜಾಸ್ತಿ ಬೆಳೆದ್ರೆ ಕಾಲು ಬಗ್ಗೋದೇ ಇಲ್ಲ. ನಿಮ್ಮಂಥೋರಿಗೆ ಅದರ ಸಾಧ್ಯತೆ ಹೆಚ್ಚು,” ಎಂದರು.

ಐವತ್ತೆಂಟನೇ ವಯಸ್ಸಿನಲ್ಲಿ ತಲೆಗೂದಲು ಬೆಳೆಯದವನಿಗೆ ಮೂಳೆ ಬೆಳೆಯುತ್ತದಂತೆ, ನಗು ಬಂತು. ಜೊತೆಗೆ ಬಂದಿದ್ದ ಮಗಳು ನಗಲಿಲ್ಲ.

ನಿನ್ನ ತಮ್ಮ

*

ಮಾರ್ಚ್ ೮

ಕಿವಿರಾಯನಿಗೆ,

ಡಾಕ್ಟರುಗಳು ಹಾಗೇ ಕಣೋ. ಮೊದಲು ಹೆದರಿಸಿಬಿಟ್ಟರೆ ಆಮೇಲೆ ಏನಾದರೂ ಅವರ ತಪ್ಪಲ್ಲ. ನನ್ನ ಸೊಂಟದ ಕೀಲು ಬದಲಿಸುವ ಮುಂಚೆ ನನಗೂ ರಕ್ತ ಹೆಪ್ಪುಗಟ್ಟುತ್ತದೆ, ಕೀಲು ಜಾರುತ್ತದೆ ಎಂದೆಲ್ಲ ಅರ್ಧ ಗಂಟೆ ಓದಿ ಹೇಳಿದ್ದರು. ಆಯಿತೇ ಏನಾದರೂ? ನಾಲ್ಕನೇ ತಿಂಗಳಿಗೆ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಈಗ ಮೂರು ವರ್ಷವಾಯಿತು. ಗಿರಾಕಿಗಳ ಪ್ಯಾಂಟಿನ ಅಂಚಿಗೆ ಪಿನ್ ಚುಚ್ಚಲು ಮಣೆಯ ಮೇಲೆ ಕೂತು ಏಳುತ್ತೇನೆ, ಒಂದು ‘ಅಮ್ಮಾ’ ಕೂಡ ಅನ್ನುವುದಿಲ್ಲ. ನಿನ್ನ ಭಾವನಿಗೇ ನನಗಿಂತ ಹೆಚ್ಚು ನರಳಾಟ.

ಎರಡು ಕಾಲಿನ ಉದ್ದ ಒಂದು ಬೆರಳಿನಷ್ಟು ಹೆಚ್ಚುಕಮ್ಮಿಯಾದರೆ ಬೇಸರ ಮಾಡಿಕೊಳ್ಳಬೇಡ. ಅಳತೆ ಕಳಿಸು, ಪ್ಯಾಂಟು ನಾನು ಸರಿ ಮಾಡಿಕೊಡುತ್ತೇನೆ. ಮೂಳೆಯ ಮಾತು ಮರೆತುಬಿಡು. ಮಗಳಿಗೂ ಹೇಳು, ಅತ್ತೆ ಗಟ್ಟಿಯಾಗಿದ್ದಾಳೆ, ಅಪ್ಪನೂ ಗಟ್ಟಿಯಾಗುತ್ತಾನೆ ಅಂತ.

ಅಕ್ಕ

*

ಮಾರ್ಚ್ ೨೩

ಅಕ್ಕನಿಗೆ,

ಬದುಕಿದ್ದೇನೆ, ಮನೆಗೆ ಬಂದಿದ್ದೇನೆ. ವಾಕರ್ ಹಿಡಿದು ಮಂಚದಿಂದ ಕಿಟಕಿಯ ತನಕ ಹೋಗಿ ಬರುತ್ತೇನೆ. ಹಳೆಯ ನೋವು, ಒಳಗೆ ಮರಳು ಅರೆದಂತಿತ್ತಲ್ಲ, ಅದು ಇಲ್ಲವೇ ಇಲ್ಲ. ನೀನು ಹೇಳಿದ್ದು ನಿಜ ಎಂದು ಬರೆಯಲು ಕೈ ಏಳುತ್ತಿಲ್ಲ, ಆದರೂ ನಿಜ.

ಮಗಳು ಬೆಳಿಗ್ಗೆ ಲಾಂಡ್ರಿ ಕೆಲಸಕ್ಕೆ ಹೋಗುವ ಮುಂಚೆ ಎಲ್ಲವನ್ನೂ ಕೈಗೆಟುಕುವ ಹಾಗೆ ಇಟ್ಟು ಹೋಗುತ್ತಾಳೆ. ನೆನ್ನೆ ಅವಳು ಮನೆಯಲ್ಲೇ ಇದ್ದಳು. ಒಲೆಯ ಮೇಲೆ ಕೆಟಲ್ ಸಿಳ್ಳೆ ಹಾಕುತ್ತಿದೆ, ಆರಿಸು ಎಂದು ಎರಡು ಸಲ ಕೂಗಿದೆ. ಒಲೆಯೇ ಹೊತ್ತಿಸಿರಲಿಲ್ಲವಂತೆ. ಮಲಗಿ ಮಲಗಿ ತಲೆ ಕೆಟ್ಟಿರಬೇಕು.

ಮೇ ಮೊದಲ ವಾರ ಶಾಲೆಯಲ್ಲಿ ಪರೀಕ್ಷೆ. ಅಷ್ಟರೊಳಗೆ ಹನ್ನೊಂದೂ ಪಿಯಾನೊಗಳನ್ನು ನಾನು ಮುಟ್ಟಿರಬೇಕು, ಇಲ್ಲದಿದ್ದರೆ ಬೇರೆ ಯಾರನ್ನಾದರೂ ಕರೆಸುತ್ತಾರೆ. ಒಂದು ಸಲ ಬೇರೆಯವನ ಕೈ ಬಿದ್ದರೆ ಆಮೇಲೆ ನನ್ನ ಕಥೆ ಮುಗಿಯಿತು.

ಒಂದು ಕೇಳುವುದಿತ್ತು. ನೋವಿಗೂ ಬಾವಿಗೂ ಕೊಡುತ್ತಾರಲ್ಲ, ಆ ಜಾತಿಯ ಮಾತ್ರೆಯನ್ನು ನನಗೆ ದಿನಕ್ಕೆ ಮೂರರಂತೆ ಆರು ವಾರಕ್ಕೆ ಬರೆದಿದ್ದಾರೆ. ಹೊಟ್ಟೆ ಉರಿಯದಿರಲು ಅದಕ್ಕೆ ಜೊತೆ ಇನ್ನೊಂದು. ನೋವಂತೂ ಈಗ ಅಷ್ಟಾಗಿ ಇಲ್ಲ. ನೀನು ನಿನ್ನದನ್ನು ಪೂರ್ತಿ ನುಂಗಿದ್ದೆಯಾ?

ತಮ್ಮ

*

ಮಾರ್ಚ್ ೨೮

ಕಿವಿರಾಯ,

ನಿನ್ನ ಕಾಗದ ಓದಿ ನಿನ್ನ ಭಾವನೆದುರು ಅತ್ತುಬಿಟ್ಟೆ. ಹೇಳಬಾರದೆಂದಿದ್ದೆ, ಹೇಳಿದೆ. ಎಷ್ಟು ಹಗುರವಾಯಿತು ಗೊತ್ತೇನೋ!

ಮಾತ್ರೆಯ ಬಗ್ಗೆ ಕೇಳಿದ್ದೆಯಲ್ಲ. ಆರು ವಾರವೇ? ನಾನು ಎಂಟನೇ ದಿನಕ್ಕೇ ಕೈಬಿಟ್ಟೆ. ನೋವಿಲ್ಲದ ಮೇಲೆ ನೋವಿನ ಮಾತ್ರೆ ಯಾಕೆ? ಡಬ್ಬಿ ಈಗಲೂ ಗುಂಡಿಗಳ ಡ್ರಾಯರಿನಲ್ಲಿ ಬಿದ್ದಿದೆ. ನಿನ್ನ ಹೊಟ್ಟೆ ಮೊದಲೇ ಸೂಕ್ಷ್ಮ, ಸುಮ್ಮನೆ ಸುಟ್ಟುಕೊಳ್ಳಬೇಡ. ನಿಲ್ಲಿಸಿಬಿಡು, ನಾನು ಹೇಳುತ್ತೇನೆ. ಚೆನ್ನಾಗಿ ಉಣ್ಣು, ನಡೆ, ಅಷ್ಟೇ ಔಷಧ.

ಪ್ಯಾಂಟಿನ ಅಳತೆ ಇನ್ನೂ ಬಂದಿಲ್ಲ.

ಅಕ್ಕ

*

ಏಪ್ರಿಲ್ ೧

ಅಕ್ಕನಿಗೆ,

ಅಳತೆ ಇಗೋ. ಬಲಗಾಲು ಅರ್ಧ ಬೆರಳು ಉದ್ದವಾಗಿದೆ. ಮಗಳು ಟೇಪು ಹಿಡಿದು ಮೂರು ಸಲ ಅಳೆದಳು, ಮೂರು ಸಲವೂ ಬೇರೆ ಬೇರೆ ಬಂತು, ನಡುವಿನದನ್ನು ಬರೆದಿದ್ದೇನೆ. ಇವತ್ತೂ ಮೂರು ಮಾತ್ರೆ ನುಂಗಿದೆ. ನಿನ್ನ ಉತ್ತರಕ್ಕೆ ಕಾಯುತ್ತಿದ್ದೇನೆ.

ತಮ್ಮ

*

ಏಪ್ರಿಲ್ ೧೪

ಅಕ್ಕನಿಗೆ,

ನಿನ್ನ ಕಾಗದ ತಲುಪಿತು. ಪ್ಯಾಂಟೂ ತಲುಪಿತು, ಹೇಳಿ ಮಾಡಿಸಿದ ಹಾಗಿದೆ.

ಈ ವಾರ ಜೀವ ಬಂದ ಹಾಗಾಗಿದೆ. ಟ್ಯೂನಿಂಗ್ ಫೋರ್ಕ್ ಕಿವಿಯ ಹತ್ತಿರ ಹಿಡಿದು ಕೂತರೆ ಎಷ್ಟು ಚೆಂದ ಕೇಳುತ್ತದೆ! ಶಾಲೆಗೆ ಹೋಗಿ ಎರಡು ಪಿಯಾನೊ ಮುಗಿಸಿಯೂ ಬಂದೆ. ಮಗಳು ಬೈದಳು. ತಂತಿಗಳ ಕೆಲಸವೇನೋ ನಿಂತೇ ಮಾಡಬಹುದು. ಆದರೆ ಕೆಳಗಿನ ಹಲಗೆ ತೆಗೆದು ಪೆಡಲ್ ಸರಿ ಮಾಡಬೇಕೆಂದರೆ ಕುಕ್ಕರುಗಾಲಿನಲ್ಲಿ ಕೂರಬೇಕು, ಅದು ಇನ್ನೂ ಆಗುತ್ತಿಲ್ಲ. ತೊಡೆಯ ಮುಂಭಾಗ ಸ್ವಲ್ಪ ಬಿಸಿಯಾಗಿದೆ, ಊದಿದೆ. ನಡೆದದ್ದು ಜಾಸ್ತಿಯಾಯಿತೇನೋ. ಹೋದ ವಾರ ಬಾಗಿದಷ್ಟು ಈ ವಾರ ಬಾಗುತ್ತಿಲ್ಲ. ನಿನಗೂ ಹೀಗೆ ನಡುವೆ ಒಂದು ಸಲ ಬಿಗಿ ಬಂದು ಹೋಗಿತ್ತಲ್ಲವೇ?

ತಮ್ಮ

*

ಏಪ್ರಿಲ್ ೨೦

ತಮ್ಮ,

ಈ ಕಾಗದ ಸಿಕ್ಕಿದ ಕೂಡಲೇ ಡಾಕ್ಟರ ಹತ್ತಿರ ಹೋಗು. ಊತ ತೋರಿಸು. ನಾಳೆ, ನಾಡಿದ್ದು ಎನ್ನಬೇಡ.

ವರ್ಷಕ್ಕೊಮ್ಮೆಯ ತಪಾಸಣೆಗೆ ನೆನ್ನೆ ನಾನೂ ನಮ್ಮ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಮಾತಿಗೆ ಮಾತು ಬಂದು ನಿನ್ನ ಮಾತ್ರೆಯ ವಿಷಯ ಬಂತು. ಪೂರ್ತಿ ನುಂಗುವುದು ಒಳ್ಳೆಯದಂತೆ. ನಾನು ಅವತ್ತು ಬರೆದದ್ದು ತಮಾಷೆಗೆ, ಅದನ್ನು ನೀನು ಮನಸ್ಸಿಗೆ ತಂದುಕೊಂಡಿರಲಾರೆ. ನನ್ನ ಮಾತು ನೀನು ಯಾವ ಕಾಲಕ್ಕೆ ಕೇಳಿದವನು! ಆದರೂ ನಿಲ್ಲಿಸಿಲ್ಲ ತಾನೇ? ಒಂದೇ ಸಾಲು ಸಾಕು, ಇವತ್ತೇ ಬರೆದು ಹಾಕು.

ನನಗೆ ಹಾಗೆ ಬಿಗಿ ಬಂದಿರಲಿಲ್ಲ.

ಅಕ್ಕ

*

ಏಪ್ರಿಲ್ ೨೬

ಅಕ್ಕ,

ನಿಲ್ಲಿಸಿಲ್ಲ. ಸುಮ್ಮನೆ ಚಿಂತೆ ಮಾಡಬೇಡ. ಇಪ್ಪತ್ತೊಂಬತ್ತಕ್ಕೆ ಹೇಗೂ ಎಕ್ಸ್-ರೇ ಇದೆ.

ತಮ್ಮ

*

ಮೇ ೧೧

ತಮ್ಮ,

ಎಕ್ಸ್-ರೇ ಏನಾಯಿತು? ದಿನವೂ ಅಂಚೆಯವನು ಬೀದಿಯ ತಿರುವಿಗೆ ಬಂದಾಗಲೇ ಅಂಗಡಿಯ ಬಾಗಿಲಲ್ಲಿ ನಿಂತಿರುತ್ತೇನೆ. ‘ಇಲ್ಲಮ್ಮ’ ಎಂದು ದೂರದಿಂದಲೇ ಕೈ ಆಡಿಸುತ್ತಾನೆ. ನೆನ್ನೆ ಒಬ್ಬರ ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದಿಟ್ಟೆ. ನಲವತ್ತು ವರ್ಷದಲ್ಲಿ ಇಂಥದ್ದಾಗಿರಲಿಲ್ಲ.

ಫೋನ್ ಮಾಡಿದರೆ ನಿನ್ನ ಮಗಳು ‘ಅಪ್ಪ ಮಲಗಿದಾರೆ ಅತ್ತೆ’ ಎನ್ನುತ್ತಾಳೆ. ಹಗಲು ಹನ್ನೊಂದಕ್ಕೆ ನೀನು ಎಂದೂ ಮಲಗಿದವನಲ್ಲ.

ಅಕ್ಕ

*

ಮೇ ೨೪

ಅಕ್ಕನಿಗೆ,

ಬರೆಯುತ್ತೇನೆ. ಕೂತು ಓದು.

ಮೂಳೆ ಬೆಳೆದಿದೆ. ಎಕ್ಸ್-ರೇಯಲ್ಲಿ ಹೊಸ ಕೀಲು ಅಚ್ಚುಕಟ್ಟಾಗಿ ಕೂತಿದೆ, ಅದರ ಸುತ್ತ ಬಿಳಿಯ ಹೊಗೆ ಕವಿದಂತಿದೆ. ಆ ಹೊಗೆಯೇ ಮೂಳೆಯಾಗುತ್ತಿರುವುದು. ಮೇಲಿನಿಂದೊಂದು, ಕೆಳಗಿನಿಂದೊಂದು ಬೆಳೆದು ನಡುವೆ ಒಂದು ಬೆರಳು ಸಂದು ಮಾತ್ರ ಉಳಿದಿದೆ. ಎತ್ತರದ ಸ್ಟೂಲಿನ ಮೇಲೆ ಅರ್ಧ ಒರಗಬಲ್ಲೆ, ಕುರ್ಚಿಯಲ್ಲಿ ಸರಿಯಾಗಿ ಕೂರಲಾರೆ. ಕಾಲುಚೀಲ ಮಗಳು ಹಾಕುತ್ತಾಳೆ. ಅವಳು ಮೊಣಕಾಲೂರಿ ನನ್ನ ಪಾದ ಹಿಡಿದಾಗ ನಾನು ಗೋಡೆ ನೋಡುತ್ತೇನೆ. ಶಾಲೆಯವರು ಪರೀಕ್ಷೆಗೆ ಬೇರೆಯವನನ್ನು ಕರೆಸಿದರು.

ಈಗ ಕೊಯ್ದು ತೆಗೆಯುವಂತಿಲ್ಲ. ಹಸಿ ಇರುವಾಗ ತೆಗೆದರೆ ಮತ್ತೆ ಬೆಳೆಯುತ್ತದಂತೆ, ಅದು ಬಲಿಯುವ ತನಕ ಒಂದು ವರ್ಷ ಕಾಯಬೇಕು.

ಮಾತ್ರೆ ನಿಲ್ಲಿಸಿಲ್ಲ ಎಂದು ಬರೆದದ್ದು ಸುಳ್ಳು. ಕಾರಣ ಹೇಳಿಬಿಡುತ್ತೇನೆ. ಅದನ್ನು ನುಂಗತೊಡಗಿದ ನಾಲ್ಕನೇ ದಿನಕ್ಕೆ ಎರಡೂ ಕಿವಿಯಲ್ಲಿ ಸಿಳ್ಳೆ ಶುರುವಾಯಿತು. ಸಣ್ಣಗೆ, ಬಿಡದೆ. ಆ ಕೆಟಲ್ ಸದ್ದು ಅದೇ. ನನಗೆ ಇರುವುದು ಇವೆರಡು ಕಿವಿ ಅಕ್ಕ, ಬೇರೆ ಬಂಡವಾಳವಿಲ್ಲ. ಡಾಕ್ಟರಿಗೆ ಹೇಳೋಣವೆಂದರೆ ಅವರು ರಾತ್ರಿ ಊಟಕ್ಕೆ ಕೂರುವುದು ಶಾಲೆಯ ಮುಖ್ಯಸ್ಥೆಯ ಎದುರು. ‘ಪಾಪ, ನಿಮ್ಮ ಶ್ರುತಿಯವನಿಗೆ ಕಿವಿಯಲ್ಲಿ ಏನೋ ತೊಂದರೆಯಂತೆ’ ಎಂದು ಬಾಯಿತಪ್ಪಿ ಒಂದು ಮಾತು ಬಂದರೂ ನನ್ನ ಕೆಲಸ ಹೋಯಿತು. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಎಕ್ಸ್-ರೇ ದಿನ ಹೇಳಲೇಬೇಕಾಯಿತು. ಅವರು ಪೆನ್ನು ಕೆಳಗಿಟ್ಟು, “ಅಷ್ಟೇನಾ? ಒಂದ್ ಮಾತು ಹೇಳಿದ್ರೆ ಬೇರೆ ಮಾತ್ರೆ ಬರ್ಕೊಡ್ತಿದ್ನಲ್ರೀ. ಎರಡು ನಿಮಿಷದ ಕೆಲಸ,” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆಸ್ಪತ್ರೆಯಿಂದ ಬಂದ ವಾರವೇ ನಿಲ್ಲಿಸಿದ್ದೆ, ನಿನ್ನ ಉತ್ತರ ಕೈಗೆ ಬರುವ ಎಷ್ಟೋ ದಿನ ಮೊದಲೇ. ನಿನಗೂ ಇದಕ್ಕೂ ಸಂಬಂಧವಿಲ್ಲ.

ಎಡಗಡೆಯ ಕೀಲೂ ಕೈಕೊಡುತ್ತಿದೆ. ಅದನ್ನೂ ಮಾಡಿಸಬೇಕಂತೆ. ನನಗೆ ಧೈರ್ಯವಿಲ್ಲ.

ತಮ್ಮ

*

ಮೇ ೩೦

ತಮ್ಮ,

ಸುಳ್ಳು ಹೇಳಲು ನಿನಗೆ ಎಂದೂ ಬರಲಿಲ್ಲ. ನಿನ್ನ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಏಪ್ರಿಲ್ ಒಂದನೇ ತಾರೀಖಿನದು ಇಲ್ಲಿದೆ. ‘ಇವತ್ತೂ ಮೂರು ಮಾತ್ರೆ ನುಂಗಿದೆ. ನಿನ್ನ ಉತ್ತರಕ್ಕೆ ಕಾಯುತ್ತಿದ್ದೇನೆ.’ ನನ್ನ ಕಾಗದ ಇಪ್ಪತ್ತೆಂಟಕ್ಕೆ ಹಾಕಿದ್ದು, ಎರಡಕ್ಕೆ ನಿನಗೆ ಸಿಕ್ಕಿರಬೇಕು. ಅದನ್ನು ಓದಿಯೇ ನೀನು ನಿಲ್ಲಿಸಿದೆ. ನನ್ನನ್ನು ಕಾಪಾಡಲು ಹೋಗಬೇಡ, ಕಾಪಾಡಿಸಿಕೊಳ್ಳುವ ಯೋಗ್ಯತೆ ನನಗಿಲ್ಲ.

ನಾನೂ ಒಂದು ಬಚ್ಚಿಟ್ಟಿದ್ದೇನೆ. ಏಪ್ರಿಲ್ ಹತ್ತೊಂಬತ್ತಕ್ಕೆ ಡಾಕ್ಟರಮ್ಮ ನನಗೆ ಹೇಳಿದ್ದು ‘ಪೂರ್ತಿ ನುಂಗುವುದು ಒಳ್ಳೆಯದು’ ಎಂದಲ್ಲ. ನಾನು ಜಂಬದಿಂದ, “ನಾನು ಎಂಟೇ ದಿನಕ್ಕೆ ನಿಲ್ಸಿದ್ದೆ, ತಮ್ಮನಿಗೂ ಹಾಗೇ ಬರ್ದಿದೀನಿ,” ಎಂದೆ. ಅವರು ನನ್ನ ಫೈಲು ಮುಚ್ಚಿದರು. “ನಿಮಗೆ ಕೊಟ್ಟಿದ್ದು ಬರೀ ನೋವಿಗಮ್ಮ. ನಿಮ್ಮ ಬೆನ್ನು ಸರಿಯಿದೆ, ಆ ಕೀಲಿಗೆ ಮೊದಲು ಚಾಕು ಬಿದ್ದಿರಲಿಲ್ಲ, ನೀವು ಹೆಂಗಸು. ನಿಮಗೆ ಆ ಭಯ ಇರ್ಲಿಲ್ಲ. ಅವರಿಗೆ ಆರು ವಾರ ಬರೆದಿದಾರೆ ಅಂದ್ರೆ ಅದು ನೋವಿಗಲ್ಲ, ಮೂಳೆ ಬೆಳೀದೇ ಇರ್ಲಿ ಅಂತ,” ಎಂದರು. ಮಾರ್ಚ್ ಎರಡನೇ ತಾರೀಖು ನೀನು ನಾಲ್ಕು ಗುರುತುಗಳನ್ನೂ ಒಂದೊಂದಾಗಿ ಬರೆದಿದ್ದೆ. ಅವು ನನ್ನ ಕಣ್ಣೆದುರೇ ಇದ್ದವು. ನಾನು ‘ಡಾಕ್ಟರುಗಳು ಹಾಗೇ ಕಣೋ’ ಎಂದೆ.

ಅಲ್ಲಿಂದ ಮನೆಗೆ ನಡೆದೇ ಬಂದೆ. ನನ್ನ ಕಾಲು ಎಷ್ಟು ಸಲೀಸಾಗಿ ಹೋಗುತ್ತಿತ್ತೆಂದರೆ ಅದರ ಮೇಲೇ ಅಸಹ್ಯವಾಯಿತು. ಮಾರನೇ ದಿನ ನಿನಗೆ ನಿಜ ಬರೆಯಲು ಕೂತು, ‘ತಮಾಷೆಗೆ’ ಎಂದು ಬರೆದೆ. ತಮಾಷೆಯಾಗಿರಲಿಲ್ಲ. ನನಗೆ ಗೊತ್ತು ಎಂಬ ಕೊಬ್ಬು ಅದು. ಗಿರಾಕಿಯ ಮೈಗೆ ಟೇಪು ಹಿಡಿಯದೆ ನಾನು ಒಂದು ಬಟ್ಟೆಗೂ ಕತ್ತರಿ ಹಾಕಿದವಳಲ್ಲ. ನಿನಗೆ ಮಾತ್ರ ನನ್ನ ಅಳತೆಯಲ್ಲೇ ಕತ್ತರಿಸಿಬಿಟ್ಟೆ.

ಎಡಗಡೆಯದನ್ನು ಮಾಡಿಸು. ಧೈರ್ಯ ಹೇಳುವ ಅಧಿಕಾರ ನನಗಿಲ್ಲ, ಆದರೂ ಮಾಡಿಸು. ಅಂಗಡಿ ಮುಚ್ಚಿ ಬಂದು ಎಷ್ಟು ದಿನ ಬೇಕಾದರೂ ನಿನ್ನ ಹತ್ತಿರ ಇರುತ್ತೇನೆ. ನನ್ನ ಮುಖ ನೋಡಲು ನಿನಗೆ ಆಗುತ್ತದೆಯೇ ಎಂದು ಮಾತ್ರ ನಿಜವಾಗಿ ಬರೆ. ಆಗುವುದಿಲ್ಲ ಎಂದರೆ ಬರುವುದಿಲ್ಲ.

ಅಕ್ಕ

*

ಜೂನ್ ೨೯

ಅಕ್ಕ,

ಒಂದು ತಿಂಗಳು ತಡವಾಯಿತು. ಬೇಕೆಂದೇ ತಡ ಮಾಡಿದೆ.

ಹೌದು, ನಿನ್ನ ಮಾತು ಕೇಳಿಯೇ ನಿಲ್ಲಿಸಿದೆ. ಏಪ್ರಿಲ್ ಎರಡರ ಮಧ್ಯಾಹ್ನದ ಮಾತ್ರೆ ಅಂಗೈಯಲ್ಲಿತ್ತು. ನಿನ್ನ ಕಾಗದ ಓದಿ ಅದನ್ನು ಡಬ್ಬಿಗೆ ವಾಪಸು ಹಾಕಿದೆ. ಎಕ್ಸ್-ರೇ ನೋಡಿದ ದಿನದಿಂದ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ನಿನ್ನ ದನಿ ಕೇಳಬಾರದೆಂದೇ ಮಗಳ ಕೈಲಿ ‘ಮಲಗಿದ್ದಾರೆ’ ಎಂದು ಹೇಳಿಸಿದೆ. ನಾಲ್ಕು ಕಾಗದ ಬರೆದು ಹರಿದೆ. ಒಂದರಲ್ಲಿ ‘ನಾನು ಕುಂಟನಾದದ್ದು ನಿನ್ನಿಂದ’ ಎಂದಷ್ಟೇ ಇತ್ತು. ಇನ್ನೊಂದರಲ್ಲಿ ನಿನ್ನ ಕಾಲಿಗೂ ಹೀಗೇ ಆಗಲಿ ಎಂದು ಬರೆದಿದ್ದೆ. ಅದನ್ನು ಹರಿದು ಸಿಂಕಿನಲ್ಲಿ ಸುಟ್ಟೆ. ನಿಜ ಬರೆ ಎಂದೆಯಲ್ಲ, ಬರೆದಿದ್ದೇನೆ.

ನನ್ನದೂ ಇದೆ. ಆ ಮಾತ್ರೆ ಮೂಳೆಗೆ ಎಂದು ಆಸ್ಪತ್ರೆ ಬಿಡುವ ದಿನವೇ ಡಾಕ್ಟರು ಬಿಡಿಸಿ ಹೇಳಿದ್ದರು. ನಿನಗೆ ಬರೆಯುವಾಗ ಅದನ್ನು ಬಿಟ್ಟು, ನೋವಿಗೂ ಬಾವಿಗೂ ಎಂದು ಬರೆದೆ. ಬೇಕಾದ ಉತ್ತರ ಬರುವ ಹಾಗೆ ಪ್ರಶ್ನೆ ಕೇಳಿದೆ. ನೀನು ‘ನಿಲ್ಲಿಸು’ ಎನ್ನುವೆ ಎಂದು ನನಗೆ ಗೊತ್ತಿತ್ತು. ನಿಲ್ಲಿಸಬೇಡ ಎಂದಿದ್ದರೆ ಸಿಳ್ಳೆ ಸಹಿಸಿಕೊಂಡು ನುಂಗುತ್ತಿದ್ದೆ, ಅದೂ ನಿಜ. ಯಾರದು ಎಷ್ಟು ತಪ್ಪು ಎಂದು ಲೆಕ್ಕ ಹಾಕಿ ಹಾಕಿ ಸಾಕಾಗಿದೆ, ಬಗೆಹರಿಯುವುದಿಲ್ಲ.

ನೆನ್ನೆ ಡಾಕ್ಟರು ಅದೇ ಹಾಳೆ ತೆಗೆದರು. ಈ ಸಲ ಒಂದು ಗುರುತು ಹೆಚ್ಚು. ಮೊದಲೊಮ್ಮೆ ಹೀಗೆ ಬೆಳೆದವನಿಗೆ ಮತ್ತೆ ಬೆಳೆಯುವ ಸಂಭವ ಎಲ್ಲಕ್ಕಿಂತ ಜಾಸ್ತಿಯಂತೆ. ಅದಕ್ಕೆ ಈ ಬಾರಿ ಮಾತ್ರೆಯನ್ನು ನಂಬುವುದಿಲ್ಲ, ಆಪರೇಷನ್ನಿನ ಹಿಂದಿನ ದಿನವೇ ಆ ಜಾಗಕ್ಕೆ ಒಂದು ಸಲ ರೇಡಿಯೇಷನ್ ಕೊಡುತ್ತಾರೆ. ಕಿವಿಯದು, ಹೊಟ್ಟೆಯದು, ನಿದ್ದೆ ಬರದಿರುವುದು, ಎಲ್ಲ ಹೇಳಿದೆ. ಮುಖ್ಯಸ್ಥೆಯ ಕಿವಿಗೆ ಬಿದ್ದರೆ ಬೀಳಲಿ.

“ಇಷ್ಟಾದ್ರೂ ಬೆಳೀಬಹುದಾ ಸಾರ್?” ಎಂದು ಕೇಳಿದೆ.

“ಬೆಳೀಬಹುದು. ಕಮ್ಮಿ, ಆದ್ರೆ ಬೆಳೆಯೋದೇ ಇಲ್ಲ ಅಂತ ನಾನು ಹೇಳಲಾರೆ,” ಎಂದರು.

ಎರಡೂ ಕಾಲು ಹೀಗೇ ಆದರೆ ಸ್ಟೂಲಿಗೂ ಒರಗಲಾರೆ ಅಕ್ಕ. ಇಡೀ ದಿನ ನಿಂತೇ ಇರಬೇಕು, ಇಲ್ಲ ಮಲಗೇ ಇರಬೇಕು. ಬೆಳಿಗ್ಗೆ ಎದ್ದ ಕೂಡಲೇ ಇದೇ ಯೋಚನೆ. ಮಗಳಿಗೆ ಹೇಳಲಾರೆ, ಅವಳು ಈಗಲೇ ಅರ್ಧವಾಗಿದ್ದಾಳೆ.

ಜುಲೈ ಹದಿಮೂರಕ್ಕೆ ರೇಡಿಯೇಷನ್, ಹದಿನಾಲ್ಕಕ್ಕೆ ಆಪರೇಷನ್. ಒಪ್ಪಿಗೆಯ ಕಾಗದ ಮನೆಗೇ ಕೊಟ್ಟು ಕಳಿಸಿದ್ದಾರೆ. ಮೇಜಿನ ಮೇಲಿದೆ, ಪೆನ್ನೂ ಪಕ್ಕದಲ್ಲೇ ಇದೆ.

ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ನಿನ್ನ ಮುಖ ನೋಡಿದರೆ ಮೊದಲ ದಿನ ಬೈದೇ ಬೈಯುತ್ತೇನೆ, ಬೈಸಿಕೊಳ್ಳಲು ತಯಾರಾಗಿ ಬಾ. ಹನ್ನೆರಡನೇ ತಾರೀಖು ಮಧ್ಯಾಹ್ನದೊಳಗೆ ಇಲ್ಲಿರು. ನೀನು ಬಂದು ಪಕ್ಕದಲ್ಲಿ ಕೂರುವ ತನಕ ನಾನು ಸಹಿ ಹಾಕುವುದಿಲ್ಲ.

ತಮ್ಮ